ಹೆಸರು ಕೂಗಿದರೆ ತಿರುಗದ ಕೂಸು

ನಮ್ಮ ಯಶವಂತನಗರದಲ್ಲಿ ಗೂಡ್ಸ್ ರೈಲಿನ ಸದ್ದು ಯಾರಿಗೂ ಸದ್ದೇ ಅಲ್ಲ. ಹುಟ್ಟಿದಾಗಿನಿಂದ ಕೇಳಿದವರಿಗೆ ಅದು ಗಾಳಿ ಬೀಸಿದಷ್ಟೇ ಸಹಜ. ಆದರೆ ನಮ್ಮ ಬೀದಿಯ ಒಂದು ಮನೆಯಲ್ಲಿ ಎರಡು ವರ್ಷದ ಹುಡುಗನೊಬ್ಬ ರೈಲು ಇನ್ನೂ ದೂರದಲ್ಲಿರುವಾಗಲೇ ಎದ್ದು ಬಾಗಿಲಿಗೆ ಓಡುತ್ತಿದ್ದ. ಎರಡೂ ಕೈಗಳನ್ನು ಹಕ್ಕಿ ರೆಕ್ಕೆ ಬಡಿದಂತೆ ಬಡಿಯುತ್ತ, ಸದ್ದು ಪೂರ್ತಿ ಅಡಗುವವರೆಗೆ ಅಲ್ಲೇ ನಿಲ್ಲುತ್ತಿದ್ದ. ಅದೇ ಹುಡುಗನನ್ನು ತಾಯಿ ಬೆನ್ನ ಹಿಂದೆಯೇ ನಿಂತು ನಾಲ್ಕು ಸಲ ಹೆಸರು ಹಿಡಿದು ಕೂಗಿದರೂ ತಿರುಗುತ್ತಿರಲಿಲ್ಲ.

"ಇವನಿಗೆ ಕಿವಿ ಮಂದ ಐತೇನೋ ಅನ್ಸುತ್ತೆ ಸಾರ್, ನೀವು ಸೈನ್ಸ್ ಮೇಷ್ಟ್ರು, ಒಂದೀಟು ನೋಡ್ರಿ" ಎಂದು ಅವನ ಅಜ್ಜಿ ಒಂದು ಭಾನುವಾರ ನನ್ನನ್ನು ಕರೆದರು. ನೋಡಿದೆ. ಅಡುಗೆಮನೆಯಲ್ಲಿ ಯಾರೋ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸಣ್ಣ ಚರಚರ ಸದ್ದಿಗೆ ಹುಡುಗ ಎದ್ದು ಓಡಿದ. ಕಿವಿ ಮಂದವಾದವನು ಹಾಗೆ ಓಡುತ್ತಾನೆಯೇ? ಅಂಗಳದಲ್ಲಿ ಅವನೊಂದು ಆಟಿಕೆ ಲಾರಿಯನ್ನು ತಲೆಕೆಳಗು ಮಾಡಿಟ್ಟು ಒಂದೇ ಚಕ್ರವನ್ನು ತಿರುಗಿಸುತ್ತ ಕೂತ. ನಾನು ಎದುರು ಕುಳಿತೆ, ಚಪ್ಪಾಳೆ ತಟ್ಟಿದೆ, ನಕ್ಕೆ. ನಾನೊಂದು ಗೋಡೆ ಎಂಬಂತೆ ಅವನ ನೋಟ ನನ್ನನ್ನು ದಾಟಿಹೋಯಿತು.

ಮನೆಯವರ ಬಳಿ ಇದಕ್ಕೆಲ್ಲ ಉತ್ತರ ಸಿದ್ಧವಿತ್ತು. ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದಂತೆ. ಗಂಡು ಹುಡುಗರು ನಿಧಾನವಂತೆ. ಮೊಬೈಲ್ ತೋರಿಸಿ ಊಟ ಮಾಡಿಸಿದ್ದಕ್ಕೇ ಹೀಗಾಯಿತಂತೆ. ಇದು ತಾಯಿಯ ಮೇಲಿನ ಆರೋಪ, ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡರು. ತೋರಿಸಿದ ಒಬ್ಬ ವೈದ್ಯರು ಐದು ವರ್ಷದವರೆಗೆ ಕಾಯಿರಿ, ಎಲ್ಲ ಸರಿಹೋಗುತ್ತದೆ ಎಂದು ಟಾನಿಕ್ ಬರೆದುಕೊಟ್ಟಿದ್ದರು.

ನಾನೇನೂ ವೈದ್ಯನಲ್ಲ. ಬಿ.ಎಸ್ಸಿ., ಬಿ.ಎಡ್. ಓದಿದ ಹಳ್ಳಿ ಮೇಷ್ಟ್ರು. ಬಿ.ಎಡ್.ನಲ್ಲಿ ಮಕ್ಕಳ ಮನೋವಿಜ್ಞಾನದ ಒಂದು ಪತ್ರಿಕೆಯೇ ಇತ್ತು. ಅದರಲ್ಲಿ ಆಟಿಸಂ ಎಂಬ ಪದವನ್ನು ಓದಿದ ನೆನಪು ನನಗಿಲ್ಲ. ಓದಿದ್ದರೆ ಒಂದು ತಪ್ಪು ತಪ್ಪುತ್ತಿತ್ತೇನೋ. ನೌಕರಿಗೆ ಸೇರಿದ ಹೊಸತು, 1997ರ ಸುಮಾರು. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಯಾವ ವರ್ಷದ ಯಾವ ತಾರೀಕು ಹೇಳಿದರೂ ಅದು ಯಾವ ವಾರ ಎಂದು ತಟ್ಟನೆ ಹೇಳುವವನು, ಪ್ರಶ್ನೆ ಕೇಳಿದರೆ ಮಾತ್ರ ಕಿಟಕಿಯ ಸರಳು ನೋಡುತ್ತಿದ್ದ. "ಮುಖ ನೋಡಿ ಉತ್ತರ ಹೇಳು" ಎಂದು ಗದರುತ್ತಿದ್ದೆ. ಉದ್ಧಟತನವೆಂದು ತಿಳಿದು ಎಷ್ಟೋ ದಿನ ಬೆಂಚಿನ ಮೇಲೆ ನಿಲ್ಲಿಸಿದೆ. ಒಂಬತ್ತಕ್ಕೆ ಬರುವ ಹೊತ್ತಿಗೆ ಅವನು ಶಾಲೆ ಬಿಟ್ಟಿದ್ದ. ಅವನಿಗೆ ಆಟಿಸಂ ಇತ್ತೆಂದು ಈಗ ಖಚಿತವಾಗಿ ಹೇಳಲು ನನಗೆ ಅಧಿಕಾರವಿಲ್ಲ. ಆದರೆ ಆ ಭಾನುವಾರ ಚಕ್ರ ತಿರುಗಿಸುತ್ತಿದ್ದ ಕೂಸನ್ನು ನೋಡಿದಾಗ ನೆನಪಾದದ್ದು ಆ ಬೆಂಚು.

ಹೆಸರಿಟ್ಟು ಎಂಬತ್ತು ವರ್ಷ

ಆಟಿಸಂ ಅಥವಾ ಸ್ವಲೀನತೆ ಎನ್ನುವುದು ಹುಚ್ಚಲ್ಲ, ಅಂಟುರೋಗವೂ ಅಲ್ಲ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ಒಂದು ಭಿನ್ನತೆ. ಇನ್ನೊಬ್ಬರೊಡನೆ ಕಣ್ಣಿನಿಂದ, ಸನ್ನೆಯಿಂದ, ಮಾತಿನಿಂದ ಕೊಡುಕೊಳ್ಳುವುದು ಇಂಥ ಮಕ್ಕಳಿಗೆ ಕಷ್ಟ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಒಂದೇ ಕ್ರಮಕ್ಕೆ ಅಂಟಿಕೊಳ್ಳುವುದು ಹಿತ. ಕೆಲವರಿಗೆ ಮಿಕ್ಸಿಯ ಸದ್ದು, ಅಂಗಿಯ ಕಾಲರಿನ ಚೀಟಿ ಸಹಿಸಲಾಗದ ಹಿಂಸೆ. ಕೆಲವರು ಬದುಕಿಡೀ ಮಾತಾಡುವುದಿಲ್ಲ, ಕೆಲವರು ಎಂಜಿನಿಯರುಗಳಾಗುತ್ತಾರೆ. ಅಷ್ಟು ಅಗಲವಾದ ಹರವು ಇದಕ್ಕೆ.

ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ ಎಂಬ ವೈದ್ಯ 1943ರಲ್ಲಿ ಹನ್ನೊಂದು ಮಕ್ಕಳ ವಿವರ ಬರೆದು ಇದನ್ನು ವೈದ್ಯಲೋಕಕ್ಕೆ ಪರಿಚಯಿಸಿದ. ಮರುವರ್ಷವೇ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಇಂಥದ್ದೇ ಮಕ್ಕಳ ಬಗ್ಗೆ ಬರೆದ. ಆಮೇಲೆ ಎರಡು ದಶಕ ನಡೆದದ್ದು ಮಾತ್ರ ವಿಜ್ಞಾನಕ್ಕೆ ಶೋಭೆ ತರುವ ಕಥೆಯಲ್ಲ. ತಾಯಂದಿರ ಪ್ರೀತಿ ತಣ್ಣಗಾಗಿದ್ದಕ್ಕೇ ಮಗು ಹೀಗಾಯಿತೆಂದು ದೊಡ್ಡ ದೊಡ್ಡ ವಿದ್ವಾಂಸರೇ ವಾದಿಸಿದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನೋವಿಜ್ಞಾನಿ, ಸ್ವತಃ ಇಂಥ ಮಗನ ತಂದೆ, ಪುಸ್ತಕ ಬರೆದು ಇದು ಜೀವವಿಜ್ಞಾನದ ಸಂಗತಿ, ಸಾಕುವಿಕೆಯ ದೋಷವಲ್ಲ ಎಂದು ತೋರಿಸಬೇಕಾಯಿತು. ತಾಯಿಯ ತಣ್ಣನೆ ಪ್ರೀತಿ ಹೋಗಿ ಈಗ ತಾಯಿಯ ಮೊಬೈಲು ಬಂದಿದೆ, ಅಷ್ಟೇ ವ್ಯತ್ಯಾಸ. ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಲೇಖನವನ್ನು ಆ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ಪಡೆಯಿತು. ಆ ಸುದ್ದಿ ಮಾತ್ರ ಹಬ್ಬಿದಷ್ಟು ವೇಗವಾಗಿ ಹಿಂದಿರುಗಲಿಲ್ಲ.

ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2021ನೇ ಸಾಲಿಗೆ ಕೊಟ್ಟ ಅಂದಾಜು. ನಮ್ಮ ದೇಶದ ಕಾನೂನು ಇದನ್ನು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಗುರುತಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು.

ಇದಕ್ಕೆ ರಕ್ತಪರೀಕ್ಷೆಯಿಲ್ಲ, ಎಕ್ಸ್‌ರೇ ಇಲ್ಲ. ಮಗುವಿನ ನಡವಳಿಕೆಯನ್ನು ನೋಡಿಯೇ ತಿಳಿಯಬೇಕು. ನೋಡಬಲ್ಲ ಕಣ್ಣಿರುವ ತಜ್ಞರೆಲ್ಲ ದೊಡ್ಡ ಊರುಗಳಲ್ಲಿದ್ದಾರೆ: ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ವಾಕ್‌ತಜ್ಞೆ ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ಕಟ್ಟಿದ ಕಾಮ್ ಡೀಲ್‌ನಂಥ ಕೇಂದ್ರಗಳು. ಸಂಡೂರು ತಾಲ್ಲೂಕಿನ ಒಬ್ಬ ಕೂಲಿ ಮಾಡುವ ತಾಯಿಗೆ ಬೆಂಗಳೂರೆಂದರೆ ಸುಮಾರು ಮುನ್ನೂರು ಕಿಲೋಮೀಟರು, ಎರಡು ದಿನದ ಕೂಲಿ ಖೋತಾ, ಜೊತೆಗೆ ಬರಲು ಒಬ್ಬ ಗಂಡಾಳು.

ಎರಡು ವರ್ಷಕ್ಕೇ ಯಾಕೆ ಅವಸರ?

ಅವಸರಕ್ಕೆ ಕಾರಣ ಮಿದುಳಿನಲ್ಲಿದೆ. ಎರಡು ವರ್ಷದ ಹೊತ್ತಿಗೆ ಮಗುವಿನ ಮಿದುಳು ಗಾತ್ರದಲ್ಲಿ ದೊಡ್ಡವರ ಮಿದುಳಿನ ಶೇಕಡ 80ರ ಹತ್ತಿರ ಬಂದಿರುತ್ತದೆ. ನರಕೋಶಗಳ ನಡುವಿನ ಸಂಪರ್ಕಗಳು ಆಗ ದೊಡ್ಡವರಲ್ಲಿರುವುದಕ್ಕಿಂತ ಹೆಚ್ಚು. ಬಳಸಿದ ದಾರಿಗಳು ಉಳಿಯುತ್ತವೆ, ಬಳಸದವು ಸವೆದು ಹೋಗುತ್ತವೆ. ಹೊಲದಲ್ಲಿ ಜನ ನಡೆದ ಕಡೆ ಕಾಲುದಾರಿ ಉಳಿದು ಮಿಕ್ಕಿದ್ದರಲ್ಲಿ ಹುಲ್ಲು ಬೆಳೆಯುವುದಿಲ್ಲವೇ, ಹಾಗೆ. ಮುಖ ನೋಡುವ, ಬೆರಳು ತೋರಿಸಿದತ್ತ ತಿರುಗುವ, ಬೇಕಾದ್ದನ್ನು ಕೇಳುವ ದಾರಿಗಳನ್ನು ಆ ವಯಸ್ಸಿನಲ್ಲೇ ಆಟವಾಡಿಸುತ್ತ ಸವೆಸಿದರೆ ಮಗುವಿಗೆ ಅನುಕೂಲ. ಐದಕ್ಕೆ ಹೋದರೆ ಆಗುವುದೇ ಇಲ್ಲವೆಂದಲ್ಲ, ಹೆಚ್ಚು ಕಷ್ಟ.

ಹಾಗಾಗಿ ಕೆಲವು ದೇಶಗಳಲ್ಲಿ ಲಸಿಕೆಗೋ ತೂಕಕ್ಕೋ ಬಂದ ಪ್ರತಿ ಮಗುವಿನ ತಾಯಿಗೂ ಒಂದು ಪ್ರಶ್ನಾವಳಿ ಕೊಡುವ ಪದ್ಧತಿಯಿದೆ. ಎಂ-ಚಾಟ್ ಎಂಬುದು ಅದರಲ್ಲಿ ಪ್ರಸಿದ್ಧ. 16ರಿಂದ 30 ತಿಂಗಳ ಮಕ್ಕಳಿಗೆ, 20 ಪ್ರಶ್ನೆ, ಹೌದು ಅಥವಾ ಇಲ್ಲ. ನೀವು ಬೆರಳು ತೋರಿಸಿದ ವಸ್ತುವಿನತ್ತ ಮಗು ನೋಡುತ್ತದೆಯೇ, ತನಗೆ ಸೋಜಿಗವೆನಿಸಿದ್ದನ್ನು ನಿಮಗೂ ತೋರಿಸಲು ಬೆರಳು ಮಾಡುತ್ತದೆಯೇ ಎಂಬಂಥವು. ಎರಡನೆಯ ಪ್ರಶ್ನೆಯ ಸೂಕ್ಷ್ಮ ಗಮನಿಸಿ. ಬಿಸ್ಕತ್ತು ಬೇಕೆಂದು ಬೆರಳು ತೋರಿಸುವುದು ಬೇರೆ, 'ಅಗೋ ಚಂದಮಾಮ' ಎಂದು ತನ್ನ ಖುಷಿಯನ್ನು ಹಂಚಲು ತೋರಿಸುವುದು ಬೇರೆ. ಆಟಿಸಂ ಇರುವ ಕೂಸಿನಲ್ಲಿ ಕಾಣದಿರುವುದು ಹೆಚ್ಚಾಗಿ ಈ ಎರಡನೆಯದು.

ಕಾಗದದ ಪ್ರಶ್ನೆಗಳು ಅಗ್ಗ, ಆದರೆ ಕುರುಡುಮೂಲೆಗಳಿವೆ. ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಚಿಕಿತ್ಸಾಲಯಗಳಿಗೆ ಬಂದ ಸುಮಾರು 26,000 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಮುಂದೆ ಆಟಿಸಂ ಎಂದು ಖಚಿತವಾದ ನೂರು ಮಕ್ಕಳಲ್ಲಿ ಈ ಪ್ರಶ್ನಾವಳಿ ಮೊದಲೇ ಹಿಡಿದದ್ದು ಸುಮಾರು 39ನ್ನು ಮಾತ್ರ. ಬಡ ಮನೆಗಳ, ಬಿಳಿಯರಲ್ಲದ ಮನೆಗಳ ಮಕ್ಕಳಲ್ಲಿ ಅದರ ನಿಖರತೆ ಇನ್ನೂ ಕಡಿಮೆ.

ಓದಿದವರ ನಾಡಿನಲ್ಲೇ ಹೀಗಾದರೆ ನಮ್ಮಲ್ಲಿ? ಸಂಡೂರು ಸೀಮೆಯ ಒಂದು ಅಂಗನವಾಡಿಯಲ್ಲಿ ಕನ್ನಡ, ಲಂಬಾಣಿ, ಉರ್ದು, ತೆಲುಗು ನಾಲ್ಕೂ ಮಾತಿನ ಮನೆಗಳ ಮಕ್ಕಳು ಕೂತಿರುತ್ತಾರೆ. ತಾಂಡಾದ ತಾಯಿಗೆ ಕನ್ನಡದ ಪ್ರಶ್ನೆಯನ್ನು ಅನುವಾದಿಸಿ ಕೇಳುವಾಗಲೇ ಅರ್ಧ ಸೂಕ್ಷ್ಮ ಸೋರಿಹೋಗುತ್ತದೆ. ಅದಕ್ಕಿಂತ ಮುಖ್ಯ, ಅತ್ತೆ ಪಕ್ಕದಲ್ಲಿ ಕೂತಿರುವಾಗ 'ನನ್ನ ಮಗ ತಿರುಗಿ ನೋಡುವುದಿಲ್ಲ' ಎಂದು ಬಾಯಿಬಿಟ್ಟು ಹೇಳುವ ಸೊಸೆ ಎಷ್ಟು ಮಂದಿ?

ಗುಳ್ಳೆ ಒಡೆಯುವ ಆಟ

ಇಲ್ಲಿ ಬರುತ್ತದೆ ಟ್ಯಾಬ್. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೆರಾಲ್ಡಿನ್ ಡಾಸನ್ ಎಂಬ ಮನೋವಿಜ್ಞಾನಿ ಮತ್ತು ಗಿಯೆರ್ಮೋ ಸಪಿರೋ ಎಂಬ ಗಣಿತ-ಎಂಜಿನಿಯರಿಂಗ್ ಪಂಡಿತ ಸೇರಿ 'ಸೆನ್ಸ್ ಟು ನೋ' ಎಂಬ ಆ್ಯಪ್ ಸಿದ್ಧಪಡಿಸಿದರು. ಮಗು ತಾಯಿಯ ತೊಡೆಯ ಮೇಲೆ ಕೂತು ಹತ್ತು ನಿಮಿಷದೊಳಗೆ ಮುಗಿಯುವ ಪುಟ್ಟ ಚಿತ್ರಗಳನ್ನು ನೋಡುತ್ತದೆ. ಒಂದು ಚಿತ್ರದಲ್ಲಿ ಒಂದು ಬದಿ ಮನುಷ್ಯ, ಇನ್ನೊಂದು ಬದಿ ಆಟಿಕೆ. ಮಗು ಯಾವುದನ್ನು ಎಷ್ಟು ಹೊತ್ತು ನೋಡಿತು ಎಂದು ಟ್ಯಾಬಿನ ಮುಂಬದಿಯ ಕ್ಯಾಮೆರಾ ಗಮನಿಸುತ್ತದೆ. ನಡುವೆ ಹಿಂದೆ ನಿಂತವರು ಮಗುವಿನ ಹೆಸರು ಕೂಗುತ್ತಾರೆ. ತಲೆ ತಿರುಗಿತೇ, ಎಷ್ಟು ತಡವಾಗಿ ತಿರುಗಿತು ಎಂಬುದು ಸೆಕೆಂಡಿನ ಭಾಗಗಳಲ್ಲಿ ದಾಖಲಾಗುತ್ತದೆ. ಕೊನೆಗೆ ಪರದೆಯ ಮೇಲೆ ಏರುವ ಗುಳ್ಳೆಗಳನ್ನು ಬೆರಳಿನಿಂದ ಒಡೆಯುವ ಆಟ. ಬೆರಳು ಎಷ್ಟು ಒತ್ತಿತು, ಗುರಿ ಎಷ್ಟು ತಪ್ಪಿತು, ಎಲ್ಲಕ್ಕೂ ಲೆಕ್ಕ.

ಯಂತ್ರಕ್ಕೆ ಇದೆಲ್ಲ ಹೇಗೆ ಗೊತ್ತಾಗುತ್ತದೆ ಎಂದು ನಮ್ಮ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ನೀವು ರಂಗೋಲಿ ಹಾಕುವಾಗ ಮೊದಲು ಚುಕ್ಕಿ ಇಡುತ್ತೀರಲ್ಲ, ಹಾಗೆಯೇ ಎಂದೆ. ಕಣ್ಣಿನ ಅಂಚು, ಹುಬ್ಬು, ಮೂಗಿನ ತುದಿ, ಬಾಯಿಯ ಮೂಲೆ ಹೀಗೆ ಹತ್ತಾರು ಚುಕ್ಕಿಗಳನ್ನು ಕಂಪ್ಯೂಟರು ಮುಖದ ಮೇಲೆ ಗುರುತಿಸಿ, ಅವು ಕ್ಷಣಕ್ಷಣಕ್ಕೆ ಸರಿಯುವುದನ್ನು ಅಳೆಯುತ್ತದೆ. ಆ ಚುಕ್ಕಿಗಳಿಂದಲೇ ತಲೆ ಎಡಕ್ಕೋ ಬಲಕ್ಕೋ, ಮುಖಭಾವ ಬದಲಾಯಿತೋ ಇಲ್ಲವೋ ತಿಳಿಯುತ್ತದೆ. ಸ್ವಾರಸ್ಯವೆಂದರೆ, ಆಟಿಸಂ ಇರುವ ಕೆಲವು ಪುಟ್ಟ ಮಕ್ಕಳು ಚಿತ್ರ ನೋಡುವಾಗ ಅವರ ತಲೆ ಬೇರೆ ಮಕ್ಕಳದಕ್ಕಿಂತ ಹೆಚ್ಚು ವೇಗವಾಗಿ ಅಲುಗಾಡುತ್ತಿರುತ್ತದೆ ಎಂದು ಇದೇ ತಂಡ 2018ರಲ್ಲಿ ಕಂಡುಕೊಂಡಿತು. ಎಷ್ಟು ಸಣ್ಣ ಅಲುಗಾಟವೆಂದರೆ ತಾಯಿಗಾಗಲಿ ವೈದ್ಯರಿಗಾಗಲಿ ಕಣ್ಣಿಗೆ ಬೀಳುವಂಥದ್ದಲ್ಲ.

ಈ ಆ್ಯಪನ್ನು ಪ್ರಯೋಗಶಾಲೆಯಲ್ಲಲ್ಲ, ಸಾಮಾನ್ಯ ಆರೋಗ್ಯ ತಪಾಸಣೆಗೆ ಬಂದ 17ರಿಂದ 36 ತಿಂಗಳ 475 ಮಕ್ಕಳ ಮೇಲೆ, ಅವರ ಎಂದಿನ ಚಿಕಿತ್ಸಾಲಯದಲ್ಲೇ ಪರೀಕ್ಷಿಸಿದರು. ಮುಂದೆ ತಜ್ಞರ ಪರೀಕ್ಷೆಯಿಂದ 49 ಮಕ್ಕಳಿಗೆ ಆಟಿಸಂ ಇರುವುದು ಖಚಿತವಾಯಿತು. ಆಟಿಸಂ ಇದ್ದ ನೂರಕ್ಕೆ 88ರಷ್ಟನ್ನು ಆ್ಯಪ್ ಹಿಡಿದಿತ್ತು. ಇಲ್ಲದ ನೂರಕ್ಕೆ 81ರಷ್ಟನ್ನು ಸರಿಯಾಗಿ ಬಿಟ್ಟಿತ್ತು. 2023ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಅಮೆರಿಕದ ಮಾತು ಬಿಡಿ, ನಮಗೆ ಹತ್ತಿರದ್ದು ದೆಹಲಿಯ ಪ್ರಯೋಗ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಭೀಷ್ಮದೇವ ಚಕ್ರವರ್ತಿ, ಗೋವಾದಲ್ಲಿ ಹುಟ್ಟಿದ ಸಂಗಾತ್ ಸಂಸ್ಥೆ, ದೆಹಲಿಯ ಏಮ್ಸ್ ಮೊದಲಾದವರು ಸೇರಿ 'ಸ್ಟಾರ್ಟ್' ಎಂಬ ಆ್ಯಪ್ ಮಾಡಿದ್ದಾರೆ. ಇದನ್ನು ಮಗುವಿಗೆ ಆಡಿಸಿದವರು ವೈದ್ಯರಲ್ಲ. ಸ್ವಲ್ಪ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಟ್ಯಾಬ್ ಹಿಡಿದು ಮನೆಮನೆಗೇ ಹೋದರು. ಎರಡರಿಂದ ಏಳು ವರ್ಷದ 131 ಮಕ್ಕಳು ಆಡಿದರು. ಒಂದು ಗುಂಡಿ ಒತ್ತಿದರೆ ಮನುಷ್ಯರ ಚಿತ್ರ, ಇನ್ನೊಂದನ್ನು ಒತ್ತಿದರೆ ಕುಣಿಯುವ ಆಕೃತಿಗಳು. ಮಗು ಯಾವ ಗುಂಡಿಗೆ ಮತ್ತೆ ಮತ್ತೆ ಹೋಗುತ್ತದೆ? ತಿರುಗುವ ಚಕ್ರವನ್ನು ಎಷ್ಟು ಹೊತ್ತು ನೋಡುತ್ತದೆ? ಬಣ್ಣ ತುಂಬುವಾಗ ಬೆರಳು ಹೇಗೆ ಓಡುತ್ತದೆ? ನಮ್ಮ ಬೀದಿಯ ಹುಡುಗನ ತಲೆಕೆಳಗಾದ ಲಾರಿ ನೆನಪಾಗದೆ ಇರಲಿಲ್ಲ. ಬೆಳವಣಿಗೆಯ ತೊಂದರೆ ಇರುವ ಮಕ್ಕಳನ್ನು ಇಲ್ಲದವರಿಂದ ಬೇರ್ಪಡಿಸುವುದರಲ್ಲಿ ಅದು ಸುಮಾರು ಶೇಕಡ 86ರಷ್ಟು ಸರಿಯಾಗಿತ್ತು. ಆಟಿಸಮ್ಮನ್ನೇ ಗುರುತಿಸುವುದರಲ್ಲಿ ಸುಮಾರು 78. ಇದೇ ಬಗೆಯ ಆಟಗಳನ್ನು ಇನ್ನಷ್ಟು ಬೆಳೆಸಿ ಭಾರತ ಮತ್ತು ಆಫ್ರಿಕದ ಮಲಾವಿ ದೇಶದಲ್ಲಿ ಆರು ವರ್ಷದೊಳಗಿನ ಸುಮಾರು 4,000 ಮಕ್ಕಳ ಮೇಲೆ ನಡೆಸುವ ಯೋಜನೆಯೂ ಹುಟ್ಟಿಕೊಂಡಿತು. ಗುಳ್ಳೆ ಒಡೆಯಲು ಲಂಬಾಣಿಯೂ ಬೇಡ, ಕನ್ನಡವೂ ಬೇಡ. ನನಗೆ ಹೆಚ್ಚು ಹಿಡಿಸಿದ್ದು ಇದೇ.

ಕರಿಹಲಗೆಯ ಮೇಲೊಂದು ಲೆಕ್ಕ

ಇಷ್ಟೆಲ್ಲ ಹೇಳಿದ ಮೇಲೆ, ನಾಳೆಯೇ ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಟ್ಯಾಬ್ ಕೊಡಿ ಎಂದು ನಾನು ಬರೆಯುತ್ತೇನೆಂದು ನೀವು ಎಣಿಸಿರಬಹುದು. ಅದಕ್ಕೆ ಮುಂಚೆ ಒಂದು ಲೆಕ್ಕ. ಇದನ್ನು ನಮ್ಮ ತರಗತಿಯಲ್ಲಿ ಕರಿಹಲಗೆಯ ಮೇಲೆ ಮಾಡಿಸಿದೆ, ಮಕ್ಕಳು ಬೆರಗಾದರು.

ಒಂದು ಸಾವಿರ ಮಕ್ಕಳನ್ನು ತೆಗೆದುಕೊಳ್ಳಿ. 127ಕ್ಕೆ ಒಂದರಂತೆ ಅವರಲ್ಲಿ ಸುಮಾರು 8 ಮಕ್ಕಳಿಗೆ ಆಟಿಸಂ. ನೂರಕ್ಕೆ 88 ಹಿಡಿಯುವ ಯಂತ್ರ ಆ ಎಂಟರಲ್ಲಿ ಏಳನ್ನು ಹಿಡಿಯುತ್ತದೆ, ಒಂದನ್ನು ಬಿಡುತ್ತದೆ. ಭೇಷ್. ಇನ್ನುಳಿದವರು 992. ಅವರಲ್ಲಿ ನೂರಕ್ಕೆ 19ರಷ್ಟನ್ನು ಯಂತ್ರ ತಪ್ಪಾಗಿ ಕರೆಯುತ್ತದೆ. ಗುಣಿಸಿ ನೋಡಿ, ಸುಮಾರು 190. ಅಂದರೆ 'ತಜ್ಞರ ಹತ್ತಿರ ಹೋಗಿ' ಎಂದು ಚೀಟಿ ಪಡೆದ 197 ಮಕ್ಕಳಲ್ಲಿ ಆಟಿಸಂ ಇರುವುದು ಏಳಕ್ಕೆ. ಯಂತ್ರ ಕೆಟ್ಟದ್ದೆಂದಲ್ಲ; ಅಪರೂಪದ್ದನ್ನು ಎಲ್ಲರಲ್ಲೂ ಹುಡುಕಲು ಹೊರಟರೆ ಲೆಕ್ಕ ಹೀಗೆಯೇ ಆಗುತ್ತದೆ. ಎಳ್ಳಿನ ರಾಶಿಯಲ್ಲಿ ಒಂದು ಸಾಸಿವೆ ಹುಡುಕಿದ ಹಾಗೆ.

ಆ 190 ಮನೆಗಳ ಒಂದೊಂದು ರಾತ್ರಿಯನ್ನೂ ಯೋಚಿಸಿ. ಜಿಲ್ಲಾ ಕೇಂದ್ರದಲ್ಲಿ ಕಾಯುವ ಸಾಲನ್ನೂ ಯೋಚಿಸಿ. ಹಾಗೆಂದು ಆ ಕರೆಯೆಲ್ಲ ವ್ಯರ್ಥವೂ ಅಲ್ಲ. ಅವರಲ್ಲಿ ಮಾತು ತಡವಾದವರು, ಕಿವಿ ಮಂದವಾದವರು, ಬೇರೆ ತೊಂದರೆ ಇರುವವರು ಸಿಕ್ಕಾರು. ಡ್ಯೂಕ್ ತಂಡವೇ ಆ್ಯಪಿನ ಜೊತೆ ಪ್ರಶ್ನಾವಳಿಯನ್ನೂ ಸೇರಿಸಿ ನೋಡಿದಾಗ ತಪ್ಪು ಕರೆ ಗಣನೀಯವಾಗಿ ಇಳಿಯಿತು. ಅಂದಮೇಲೆ ಟ್ಯಾಬ್ ಬಂತೆಂದು ತಾಯಿಯನ್ನು ಮಾತಾಡಿಸುವುದನ್ನು ಬಿಡುವಂತಿಲ್ಲ. ಆ್ಯಪ್ ಹೇಳುವುದು 'ನೋಡಿಸಿ' ಎಂದಷ್ಟೇ. 'ಇದೆ' ಎಂದು ಹೇಳುವವರು ತಜ್ಞರು. ಜಾಹೀರಾತು ಕೊಟ್ಟು ಐದು ನಿಮಿಷದಲ್ಲಿ ಆಟಿಸಂ ಪತ್ತೆ ಎನ್ನುವವರಿಂದ ದೂರವಿರುವುದು ಒಳ್ಳೆಯದು.

ಇನ್ನೊಂದು ಮಾತು. ಮಗುವಿನ ಮುಖದ ವಿಡಿಯೋ ಯಾರ ಕಂಪ್ಯೂಟರಿನಲ್ಲಿ ಉಳಿಯುತ್ತದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನೇ ಒಪ್ಪಿಗೆ ಎನ್ನುವುದಾದರೆ ಕಾಯ್ದೆ ಇದ್ದೂ ಇಲ್ಲದ ಹಾಗೆ.

ಅಂಗನವಾಡಿಯಲ್ಲಿ

ನಮ್ಮಲ್ಲಿ ತಪಾಸಣೆಯ ವ್ಯವಸ್ಥೆಯೇ ಇಲ್ಲವೆಂದೇನಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು. ಅದು ನೋಡಬೇಕಾದ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಅನುಮಾನ ಬಂದ ಮಗುವನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಆದರೆ ಒಂದು ಬೆಳಿಗ್ಗೆಯಲ್ಲಿ ಇಡೀ ಅಂಗನವಾಡಿ ನೋಡಿ ಮುಗಿಸಬೇಕಾದ ವೈದ್ಯರಿಗೆ ಹಲ್ಲು, ಕಣ್ಣು, ರಕ್ತಹೀನತೆ ಕಂಡಷ್ಟು ಸುಲಭವಾಗಿ ಮೂಲೆಯಲ್ಲಿ ಸುಮ್ಮನೆ ಕೂತ ಮಗುವಿನ ಮೌನ ಕಾಣುವುದಿಲ್ಲ. ಅಳದ ಮಗು ಒಳ್ಳೆಯ ಮಗು ಎಂದೇ ನಮ್ಮ ಲೆಕ್ಕ.

ಅಂಗನವಾಡಿ ಕಾರ್ಯಕರ್ತೆಯೊಬ್ಬರನ್ನು ಈ ಆ್ಯಪ್ ಬಗ್ಗೆ ಕೇಳಿದೆ. ನನ್ನ ಹಳೆಯ ವಿದ್ಯಾರ್ಥಿನಿ, ಸಲುಗೆಯಿಂದಲೇ ಅಂದರು: "ಇನ್ನೊಂದು ಆ್ಯಪ್ ಮಾತ್ರ ಬ್ಯಾಡ್ರಿ ಸಾರ್. ಪೋಷಣ್ ಟ್ರ್ಯಾಕರ್ನಾಗೆ ತೂಕ, ಎತ್ತರ, ಹಾಜರಿ ಹಾಕೋದ್ರಾಗೆ ಅರ್ಧ ದಿನ ಹೋಗುತ್ತೆ. ನೆಟ್‌ವರ್ಕ್ ಇಲ್ಲಂದ್ರೆ ರಾತ್ರಿ ಮನೇಲಿ ಕೂತು ಹಾಕ್ಬೇಕು." ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು: "ಆದ್ರೆ ಸಾರ್, ಯಾವ ಮಗು ಸರಿಯಿಲ್ಲ ಅಂತ ನಮಗೆ ಗೊತ್ತಾಗುತ್ತೆ. ಹೇಳಿದ್ರೆ ಅವರವ್ವ ನಮ್ಮ ಮ್ಯಾಲೆ ಸಿಟ್ಟಾಗ್ತಾರೆ. ಮಿಷನ್ ಹೇಳಿದ್ರೆ ನಂಬ್ತಾರೇನೋ."

ಈ ಮಾತನ್ನು ಸಂಶೋಧಕರು ಕೇಳಬೇಕಿತ್ತು. ಕಾರ್ಯಕರ್ತೆಗೆ ಟ್ಯಾಬಿನಿಂದ ಬೇಕಾಗಿರುವುದು ಕಣ್ಣಲ್ಲ, ಆಕೆಗೆ ಕಣ್ಣಿದೆ. ಬೇಕಾಗಿರುವುದು ತನ್ನ ಮಾತಿಗೊಂದು ಸಾಕ್ಷಿ.

ಹೊಸ ಆ್ಯಪಿಗೆ ಹೊಸ ದಿನ ಹುಡುಕಬೇಕಾಗಿಯೂ ಇಲ್ಲ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರ-ರುಬೆಲ್ಲಾದ ಎರಡನೇ ಲಸಿಕೆ 16ರಿಂದ 24 ತಿಂಗಳೊಳಗೆ. ಎಂ-ಚಾಟ್ ಪ್ರಶ್ನೆಗಳ ವಯಸ್ಸು ಶುರುವಾಗುವುದೂ 16 ತಿಂಗಳಿಗೆ. ಲಸಿಕೆ ಹಾಕಿಸಿಕೊಂಡ ಮಗುವನ್ನು ಹೇಗೂ ಅರ್ಧ ಗಂಟೆ ಕೂರಿಸಿಕೊಳ್ಳುತ್ತಾರೆ. ಗುಳ್ಳೆ ಒಡೆಯಲು ಹತ್ತು ನಿಮಿಷ ಸಾಕು. ಸೂಜಿ ಚುಚ್ಚುವ ಮೊದಲೇ ಆಡಿಸಬೇಕು, ಅಷ್ಟೇ. ಅಳುವ ಮಗುವಿನ ಮುಖದ ಚುಕ್ಕಿಗಳಿಂದ ಯಾವ ಕಂಪ್ಯೂಟರೂ ಏನೂ ತಿಳಿಯಲಾರದು.

ಪತ್ತೆಯಾದ ಮೇಲೆ ಏನು ಎಂಬುದಕ್ಕೂ ಒಂದು ಆಸೆಯ ಉತ್ತರವಿದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಡನೆ ನಡೆಸಿದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು. ಅಲ್ಲಿ ತಜ್ಞರಲ್ಲದ ಕಾರ್ಯಕರ್ತರು ಮನೆಗೆ ಹೋಗಿ, ತಾಯಿ ಮಗುವಿನೊಡನೆ ಆಡುವುದನ್ನು ವಿಡಿಯೋ ಮಾಡಿ, ಆ ತಾಯಿಗೇ ತೋರಿಸಿ, ಮಗು ಎಲ್ಲಿ ನಿಮ್ಮ ಕಡೆ ತಿರುಗಿತು, ನೀವು ಏನು ಮಾಡಿದಾಗ ತಿರುಗಿತು ಎಂದು ಜೊತೆಗೂಡಿ ಹುಡುಕಿದರು. ತಾಯಂದಿರು ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಕ್ಕಳು ತಾವಾಗಿ ಸಂಪರ್ಕ ಬೆಳೆಸುವುದು ಹೆಚ್ಚಿತು. ಮತ್ತೆ ನೋಡಿ, ಅದೇ ಕ್ಯಾಮೆರಾ. ಇದರ ಜೊತೆಗೆ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಗೆ ಆಟಿಸಂ ಇರುವವರು ಅರ್ಹರು. ನಮ್ಮ ಕಡೆ ಇದನ್ನು ಕೇಳಿದವರೇ ಕಡಿಮೆ.

ನಮ್ಮ ಬೀದಿಯ ಹುಡುಗನ ವಿಷಯಕ್ಕೆ ಬರುತ್ತೇನೆ. ಇಂಥ ಟ್ಯಾಬ್ ನಮ್ಮೂರಿಗೆ ಬಂದಿಲ್ಲ. ನಾನು ಮಾಡಿದ್ದಿಷ್ಟೇ: ಆ ಇಪ್ಪತ್ತು ಪ್ರಶ್ನೆಗಳ ಸಾರವನ್ನು ನಮ್ಮ ಮಾತಿನಲ್ಲಿ ಅವನ ತಾಯಿಯನ್ನು ಕೇಳಿದೆ, ಅತ್ತೆ ಅಂಗಡಿಗೆ ಹೋದ ಹೊತ್ತು ನೋಡಿ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ನನಗೆ ಒಂದು ವರ್ಷದಿಂದ ಗೊತ್ತೈತ್ರಿ ಸಾರ್" ಎಂದರು. ಮೊದಲು ಕಿವಿ ನೋಡಿಸಿ ಎಂದೆ. ಬಳ್ಳಾರಿಯಲ್ಲಿ ನೋಡಿಸಿದರು, ಕಿವಿ ಸರಿಯಿತ್ತು. ಆಮೇಲೆ ಎರಡು ಸಲ ಬೆಂಗಳೂರಿಗೆ ಹೋಗಿಬಂದರು. ಆಟಿಸಂ ಎಂದು ಅಲ್ಲಿ ಬರೆದುಕೊಟ್ಟರು. ಮನೆಯಲ್ಲಿ ಆಡಿಸುವುದನ್ನು ತಾಯಿಗೆ ಹೇಳಿಕೊಟ್ಟು ಕಳಿಸಿದರು.

ಈಗ ಹುಡುಗನಿಗೆ ಮೂರು ತುಂಬಿದೆ. ಮಾತು ಇನ್ನೂ ನಾಲ್ಕೈದೇ ಪದ. ಮೊನ್ನೆ ಸಂಜೆ ಅವರ ಮನೆ ಮುಂದೆ ನಿಂತಿದ್ದೆ. ರೈಲಿನ ಸದ್ದಾಯಿತು, ಹುಡುಗ ಎಂದಿನಂತೆ ಬಾಗಿಲಿಗೆ ಓಡಿಬಂದ, ಕೈ ಬಡಿದ. ತಾಯಿ ಬಂದು ಅವನ ಪಕ್ಕ ಅವನಷ್ಟೇ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು, ಅವನ ಹಾಗೆಯೇ ಕೈ ಬಡಿಯತೊಡಗಿದರು. ಹುಡುಗ ರೈಲಿನತ್ತ ಬೆರಳು ಮಾಡಿದ. ಆಮೇಲೆ, ಒಂದು ಕ್ಷಣ ಇದ್ದೀತು, ಅವ್ವನೂ ನೋಡುತ್ತಿದ್ದಾಳೆಯೇ ಎಂದು ಅವಳ ಮುಖದ ಕಡೆ ತಿರುಗಿದ.